ಬೆರೆಸದೆ ಬಿಟ್ಟ ಮುಖ

ಬಣ್ಣದಕ್ಕನಿಗೆ ಎದುರಿಗೆ ಆಳಿಲ್ಲದೆ ಮುಖ ಬರೆಯಲು ಬರುತ್ತಿರಲಿಲ್ಲ. ಇದನ್ನು ಆಕೆ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಚಕ್ರ, ಚಿಮಣಿ, ಬೀಗ ಜಡಿದ ಗೇಟು, ಮೆರವಣಿಗೆಯಲ್ಲಿ ಹೋಗುವವರ ಬೆನ್ನುಗಳು, ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆದುಬಿಡುತ್ತಿದ್ದಳು. ಮುಖ ಎಂದರೆ ಮಾತ್ರ ಎದುರಿಗೆ ಒಬ್ಬರು ಕೂತಿರಬೇಕು, ಉಸಿರಾಡುತ್ತಿರಬೇಕು, ಆದಷ್ಟೂ ಗೊಣಗುತ್ತಿರಬೇಕು. ಹೀಗಾಗಿ ಇಪ್ಪತ್ತಮೂರು ವರ್ಷ ಆ ಊರಿನ ಗೋಡೆಗಳ ಮೇಲೆ ನ್ಯಾಯ ಕೇಳುತ್ತ ನಿಂತವರೆಲ್ಲ ಆಕೆಯ ಬೀದಿಯವರೇ ಆಗಿದ್ದರು.

ಆಕೆಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಹಿಂದೆ ಯಾರೋ ಕಾರು ನಿಲ್ಲಿಸುತ್ತಿದ್ದ ಶೆಡ್ಡು. ನಡುವೆ ಉದ್ದನೆಯ ಮೇಜು, ಮೇಜಿಗೆ ಕೀಲು ಹಾಕಿ ಕೂರಿಸಿದ ಮರದ ಚೌಕಟ್ಟು, ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ಪರದೆ. ಪರದೆಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಒಂದು ಸಲ ಎಳೆದರೆ ಕೆಳಗಿನ ಕಾಗದಕ್ಕೆ ಚಿತ್ರ ಇಳಿಯುತ್ತಿತ್ತು. ಎಳೆ, ಎತ್ತು, ಕಾಗದ ತೆಗೆ, ತಂತಿಗೆ ಸಿಕ್ಕಿಸು, ಮತ್ತೆ ಎಳೆ. ಹೊಟ್ಟೆಪಾಡಿಗೆ ಬ್ರೆಡ್ಡಿನ ಹೊದಿಕೆ, ಔಷಧಿ ಅಂಗಡಿಯ ಚೀಲ, ಶಾಲೆಯ ಬ್ಯಾಡ್ಜು, ‘ನಾಯಿ ಇದೆ ಎಚ್ಚರಿಕೆ’ ಫಲಕ. ಹೊಟ್ಟೆ ತುಂಬಿದ ಮೇಲೆ, ಒಮ್ಮೊಮ್ಮೆ ತುಂಬದೆಯೂ, ಚಳವಳಿಯವರ ಪೋಸ್ಟರು. ಕಾಗದ ಬಣ್ಣ ನೀವೇ ತನ್ನಿ ಎಂದಷ್ಟೇ ಆಕೆ ಅವರಿಗೆ ಹೇಳುತ್ತಿದ್ದಳು. ಅವರು ಕಾಗದ ತರುತ್ತಿದ್ದರು, ಬಣ್ಣ ಮರೆಯುತ್ತಿದ್ದರು.

ಅಂಗಡಿ ಹಾಕಿದ ಮೊದಲ ವರ್ಷ ಬಾಡಿಗೆದಾರರ ಹೋರಾಟಕ್ಕೆಂದು ಬೀದಿಯ ತುದಿಯ ಛತ್ರಿ ರಿಪೇರಿಯವನ ಮುಖವನ್ನು ಇದ್ದದ್ದು ಇದ್ದ ಹಾಗೆ ಬರೆದಿದ್ದಳು. ವಾರದೊಳಗೆ ಮನೆ ಮಾಲೀಕ ಅವನ ಪಾತ್ರೆ ಪಡಗವನ್ನೆಲ್ಲ ರಸ್ತೆಗೆ ಹಾಕಿಸಿದ. ಛತ್ರಿಯವನು ಆಕೆಗೆ ಒಂದು ಮಾತೂ ಅನ್ನಲಿಲ್ಲ, ಗಾಡಿ ಮಾಡಿಕೊಂಡು ಊರು ಬಿಟ್ಟ. ಅಂದಿನಿಂದ ಬಣ್ಣದಕ್ಕ ಒಂದು ನೇಮ ಇಟ್ಟುಕೊಂಡಳು. ಕಣ್ಣು ಒಬ್ಬರದು, ಮೂಗು ಇನ್ನೊಬ್ಬರದು, ಗಲ್ಲ ಮತ್ತೊಬ್ಬರದು. ಮೂರು ಜನರನ್ನಾದರೂ ಬೆರೆಸದೆ ಮುಖವನ್ನು ಪರದೆಗೆ ಏರಿಸುತ್ತಿರಲಿಲ್ಲ. ಮೊಟ್ಟೆ ಮಾರುವ ಮೊಟ್ಟೆಯಮ್ಮನ ಕಣ್ಣು ಗುಡಿಸಲು ಕೆಡವಿದ್ದಕ್ಕೆ ಅತ್ತಿತ್ತು, ಗಿರಣಿ ಮುಚ್ಚಿದ್ದಕ್ಕೆ ಅತ್ತಿತ್ತು, ಬಸ್ಸಿನ ದರ ಏರಿದ್ದಕ್ಕೂ ಅತ್ತಿತ್ತು. “ಕಣ್ಣೇನೋ ನಂದೇ, ಚೆನ್ನಾಗಿದೆ. ಅದರ ಕೆಳಗೆ ಆ ಬೀಗದವನ ಗಲ್ಲ ಯಾಕೆ ಅಂಟಿಸ್ದೆ?” ಎಂದು ಆಕೆ ಗೋಡೆಯ ಮುಂದೆ ನಿಂತು ಜಗಳ ತೆಗೆಯುತ್ತಿದ್ದಳು. ದರ್ಜಿಗೆ ತನ್ನ ಹಣೆಯ ಮೇಲೆ ಎಷ್ಟು ಹೆಮ್ಮೆಯೆಂದರೆ, ಹೊಸ ಪೋಸ್ಟರು ಬಿದ್ದ ದಿನ ಟೋಪಿ ತೆಗೆದಿಟ್ಟು ಓಡಾಡುತ್ತಿದ್ದ.

ಬಣ್ಣದಕ್ಕನಿಗೆ ಮದುವೆ ಆಗಲಿಲ್ಲ. ಕೇಳಿದವರಿಗೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ನಿಜಕ್ಕೂ ಆಗಿರಲಿಲ್ಲ. ತಾಯಿ ತೀರಿಕೊಂಡಾಗ ಆಕೆಗೆ ಹದಿನೆಂಟು, ತಮ್ಮನಿಗೆ ಒಂಬತ್ತು. ಅವನನ್ನು ಉಣಿಸಿ ಬೆಳೆಸಿದವಳು, ಓದಿಸಿದವಳು, ಓದು ತಲೆಗೆ ಹತ್ತದಿದ್ದಾಗ ಯಾರ ಯಾರದೋ ಕೈಕಾಲು ಹಿಡಿದು ಬ್ಯಾಟರಿ ಕಾರ್ಖಾನೆಗೆ ಸೇರಿಸಿದವಳು, ಎಲ್ಲ ಆಕೆಯೇ. ಅಲ್ಲಿ ಅವನು ಹದಿನೆಂಟು ವರ್ಷದಿಂದ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದ. ಬಲು ಸಾಧು. ಎದುರಿಗೆ ನಾಯಿ ಬಂದರೆ ತಾನೇ ದಾರಿ ಬಿಟ್ಟುಕೊಡುತ್ತಿದ್ದ. ಕಾರ್ಮಿಕರ ಸಂಘದ ಚೀಟಿ ಪಡೆದವನಲ್ಲ, ಸಭೆಗೆ ಹೋದವನಲ್ಲ. ಸಂಘದ ಮೇಷ್ಟ್ರು ಅಂಗಡಿಗೆ ಬಂದರೆ ಕಾಗದದ ಕಟ್ಟುಗಳ ಹಿಂದೆ ಸರಿದು ಕೂರುತ್ತಿದ್ದ.

ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಪಾಠ ಅವರನ್ನು ಬಿಟ್ಟಿರಲಿಲ್ಲ. ಒಳ್ಳೆಯ ಮನುಷ್ಯ. ಸ್ವಂತಕ್ಕೆ ಒಂದು ಜೊತೆ ಚಪ್ಪಲಿ ಬಿಟ್ಟು ಏನೂ ಮಾಡಿಕೊಂಡವರಲ್ಲ. ಆದರೆ ಐವತ್ತು ಪೋಸ್ಟರು ಸಾಕು ಎಂದು ಬಂದವರು ಐನೂರು ಹೊತ್ತುಕೊಂಡು ಹೋಗುತ್ತಿದ್ದರು. ಆ ದಿನವೂ ಹಾಗೇ ಬಂದರು. ಕಾರ್ಖಾನೆಯಲ್ಲಿ ಒಂದೇ ತಿಂಗಳಲ್ಲಿ ಮೂವರು ಕುಸಿದುಬಿದ್ದಿದ್ದರು. ಸೀಸದ ಹೊಗೆ ರಕ್ತಕ್ಕೆ ಸೇರಿದೆ, ಎಲ್ಲರ ರಕ್ತ ಪರೀಕ್ಷೆ ಮಾಡಿಸಿ ಎಂದರೆ ಆಡಳಿತದವರು ಕಿವಿಗೆ ಹಾಕಿಕೊಂಡಿರಲಿಲ್ಲ.

“ನಾಳೆ ಬೆಳಿಗ್ಗೆ ಪಾಳಿಯವರು ಒಳಗೆ ಹೋಗೋ ಹೊತ್ತಿಗೆ ಗೇಟಿನ ಹತ್ರ ಇರ್ಬೇಕು. ಮಾತು ಕಮ್ಮಿ. ‘ನಮ್ಮ ರಕ್ತ ಪರೀಕ್ಷಿಸಿ’, ಅಷ್ಟೇ. ಉಳಿದದ್ದನ್ನ ಮುಖ ಹೇಳ್ಬೇಕು,” ಎಂದರು ಮೇಷ್ಟ್ರು.

“ಮೂರು ಜನ ಬಂದು ಕೂರ್ಬೇಕಲ್ಲ ಮೇಷ್ಟ್ರೇ. ಇವತ್ತೇ ಅಂದ್ರೆ ಹೇಗೆ?”

“ನೀವು ಮನಸ್ಸು ಮಾಡಿದ್ರೆ ಆಗದ್ದೇನಿದೆ?” ಎಂದು ಅವರು ಮಾತು ಮುಗಿಸಿ ಎದ್ದೇ ಹೋದರು.

ಎರಡು ಗಂಟೆಗೆ ಪಾಳಿ ಮುಗಿಸಿ ತಮ್ಮ ಬಂದ. ದಿನವೂ ಅವನು ಮನೆಗೆ ಹೋಗುವ ಮೊದಲು ಅಂಗಡಿಯಲ್ಲಿ ಅರ್ಧ ಗಂಟೆ ಕೂರುತ್ತಿದ್ದ. ಹೊಟ್ಟೆಯೊಳಗೆ ಹಿಂಡುವ ನೋವು ಆ ಹೊತ್ತಿಗೇ ಬರುತ್ತಿತ್ತು. ಹೆಂಡತಿಯ ಮುಂದೆ ನರಳಿದರೆ ಅವಳು ಹೆದರುತ್ತಾಳೆಂದು ಇಲ್ಲೇ ನರಳಿ ಮುಗಿಸಿ ಹೋಗುತ್ತಿದ್ದ. ಬಣ್ಣದಕ್ಕ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಅವನೆದುರು ಕೂತಳು.

“ಅಕ್ಕ, ನನ್ನ ಬರೀತಿದ್ದೀಯ?”

“ನಿನ್ನ ಮೂಗು ಮಾತ್ರ ಕಣೋ. ಅಲುಗಾಡ್ಬೇಡ.”

“ಮೂಗಾದ್ರೆ ತಗೋ. ಬೇರೇದೇನೂ ಬೇಡ.”

ಅವಳು ಸುಳ್ಳು ಹೇಳಿರಲಿಲ್ಲ. ಮೊದಲು ಬರೆದದ್ದು ಮೂಗೇ. ಅಷ್ಟರಲ್ಲಿ ನೋವು ಏರಿತು. ಅವನು ಹಲ್ಲು ಕಚ್ಚಿದ, ದವಡೆ ಬಿಗಿಯಿತು, ಹುಬ್ಬು ಕೂಡಿಕೊಂಡವು. ಎರಡು ಕಣ್ಣೂ ರೆಪ್ಪೆ ಬಡಿಯದೆ ಅವಳನ್ನೇ ನೋಡಿದವು. ಅವಳ ಕೈ ತಾನಾಗಿ ಓಡಿತು. ಕಾಲು ಗಂಟೆಯಲ್ಲಿ ಪೂರ್ತಿ ಮುಖ ಕಾಗದದ ಮೇಲಿತ್ತು. ನೋವು ಇಳಿದ ಮೇಲೆ ಅವನು ಮಾತ್ರೆ ನುಂಗಿ, ಚಿತ್ರದ ಕಡೆ ತಿರುಗಿಯೂ ನೋಡದೆ ಮನೆಗೆ ಹೋದ.

ಅವಳು ನೋಡುತ್ತ ಕೂತಳು. ನೂರಾರು ಮುಖ ಬರೆದವಳು. ಇಂಥದ್ದು ಒಂದನ್ನೂ ಬರೆದಿರಲಿಲ್ಲ. ನೋಡಿದವರಿಗೆ ಅದು ಹೊಟ್ಟೆನೋವು ಅನ್ನಿಸುವ ಹಾಗೇ ಇರಲಿಲ್ಲ. ಇನ್ನು ಒಂದು ಹೆಜ್ಜೆಯೂ ಹಿಂದೆ ಇಡೆನು ಎಂದು ನಿಂತ ಮನುಷ್ಯನ ಕೋಪ ಅಲ್ಲಿ ಕಾಣುತ್ತಿತ್ತು. ಮೂರೂವರೆಗೆ ಮೊಟ್ಟೆಯಮ್ಮ ತನ್ನ ಕಣ್ಣು ಕೊಡಲು ಬಂದಳು. “ಇವತ್ತು ಬೇಡಮ್ಮ, ಆಯ್ತು,” ಎಂದು ಬಣ್ಣದಕ್ಕ ಬಾಗಿಲಲ್ಲೇ ಸಾಗಹಾಕಿದಳು. ಒಂದು ಸಲ ಅಳಿಸುವ ರಬ್ಬರನ್ನು ಗಲ್ಲದ ಹತ್ತಿರ ಒಯ್ದದ್ದೂ ಉಂಟು. ಅಲ್ಲಿಂದ ಕೈ ಮುಂದೆ ಹೋಗಲಿಲ್ಲ. ಹದಿನೆಂಟು ವರ್ಷದಲ್ಲಿ ವಾಚ್‌ಮನ್ ಕೂಡ ಇವನ ಮುಖ ಸರಿಯಾಗಿ ನೋಡಿರಲಾರ, ಯಾರಿಗೆ ಗುರುತು ಸಿಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವಸರದಲ್ಲಿ ಹಾಗಾಯಿತು ಎಂದು ಆಮೇಲೆ ಅವಳ ಪರವಾಗಿ ಬಹಳ ಜನ ಹೇಳಿದರು. ಅವಸರ ಇರಲಿಲ್ಲ, ಆಸೆ ಇತ್ತು. ಸಂಜೆಯೊಳಗೆ ಹಳದಿ ಕಾಗದದ ಮೇಲೆ ಕಪ್ಪು ಬಣ್ಣದಲ್ಲಿ ನಾನೂರು ಎಳೆದು ಒಣಗಿಸಿ ಕೊಟ್ಟಳು.

ಬೆಳಿಗ್ಗೆ ತಮ್ಮ ಬಸ್ಸಿಳಿದಾಗ ಗೇಟಿನ ಎರಡೂ ಕಡೆಯ ಗೋಡೆಯ ತುಂಬ ತಾನೇ ಇದ್ದ. ಬುತ್ತಿ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಒಳಗೆ ನುಸುಳಲು ನೋಡಿದ. ಅದೇ ಮುಳುವಾಯಿತು. ವಾಚ್‌ಮನ್ ಚೀಲ ಇಳಿಸಿ, ಭುಜ ಹಿಡಿದು ಗೋಡೆಯ ಪಕ್ಕ ನಿಲ್ಲಿಸಿ, ಕಾಗದವನ್ನೊಮ್ಮೆ ಇವನನ್ನೊಮ್ಮೆ ನೋಡಿದ.

“ಇದು ನೀನೇ ಅಲ್ವೇನಯ್ಯ?”

“ಅಲ್ಲ ಸಾರ್. ಮೂಗು ಮಾತ್ರ.”

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮ್ಯಾನೇಜರರ ಕೋಣೆಯ ತನಕ ಹೋಗಲಿಲ್ಲ. ಬರೆದವರ ಹೆಸರು ಹೇಳಿ ಕೆಲಸಕ್ಕೆ ಹೋಗು ಎಂದು ಅಲ್ಲಿ ಮೂರು ಸಲ ಕೇಳಿದರು. ಇವನು ತುಟಿ ಪಿಟಕ್ಕೆನ್ನಲಿಲ್ಲ. ಹನ್ನೊಂದು ಗಂಟೆಗೆ ಅಮಾನತಿನ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದ.

“ಮೂಗು ಮಾತ್ರ ಅಂದಿದ್ದೆ,” ಎಂದ.

ಅವನು ಸಿಟ್ಟಿನಿಂದ ಕೂಗಿದ್ದರೆ ಅವಳೂ ಏನಾದರೂ ಹೇಳುತ್ತಿದ್ದಳು. ಅಮಾನತಿನ ಕಾಗದ ಇಸಿದುಕೊಂಡು ಎರಡು ಸಲ ಓದಿದಳು.

“ನಿನ್ನ ಹೆಸರು ಹೇಳ್ಲಿಲ್ಲ ಕಣಕ್ಕ. ಹೆದರ್ಬೇಡ,” ಎಂದು ಅವನೇ ಸಮಾಧಾನ ಮಾಡಿದ.

ಮಧ್ಯಾಹ್ನವೇ ಅವಳು ಬಕೆಟ್ಟು, ಕೆರೆಯುವ ತಗಡು ತೆಗೆದುಕೊಂಡು ಕಾರ್ಖಾನೆಯ ರಸ್ತೆಗೆ ಹೋದಳು. ಹನ್ನೆರಡು ಮುಖ ಕೆರೆದು ಹಾಕಿರಬೇಕು, ಅಷ್ಟರಲ್ಲಿ ಒಬ್ಬ ಯುವಕ ಬಂದು ಬಕೆಟ್ಟು ಒದ್ದ. “ಎಷ್ಟಕ್ಕೆ ಮಾರ್ಕೊಂಡಿದ್ದೀಯಮ್ಮ ಕಂಪನಿಯವ್ರಿಗೆ? ನಮ್ಮಣ್ಣನ ಮುಖಕ್ಕೆ ಕೈ ಹಾಕ್ತೀಯ?” ಇದನ್ನು ಬರೆದವಳು ನಾನೇ ಎಂದು ಆಣೆ ಪ್ರಮಾಣ ಮಾಡಿದರೂ ಯಾರೂ ನಂಬಲಿಲ್ಲ. ಬರೆದವರು ಕೆರೆಯುತ್ತಾರೆಯೇ ಎಂದು ಕೇಳಿದರು. ಅದೂ ಸರಿಯಾದ ಪ್ರಶ್ನೆಯೇ. ಇತ್ತ ಮೇಷ್ಟ್ರು ಎರಡೇ ದಿನದಲ್ಲಿ ಬೇರೆ ಅಂಗಡಿಯಲ್ಲಿ ಇನ್ನೂ ಎರಡು ಸಾವಿರ ಹೊಡೆಸಿದರು. ಊರಿನ ಜನ ನಿಂತು ನೋಡುವ ಮುಖ ಇಪ್ಪತ್ತು ವರ್ಷದಲ್ಲಿ ಇದೊಂದೇ ಸಿಕ್ಕಿದ್ದು, ಒಬ್ಬನ ಕಷ್ಟ ನೋಡಿ ಎಲ್ಲರದನ್ನೂ ಬಿಡುವುದು ಹೇಗೆ ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಆ ನೀರು ಬೂಟಾಟಿಕೆಯದಲ್ಲ.

ಮೂರನೇ ವಾರ ತಮ್ಮನ ಹೆಂಡತಿ ಗಟ್ಟಿ ಮನಸ್ಸು ಮಾಡಿ ಗಂಡನಿಂದ ಒಂದು ಕಾಗದ ಬರೆಸಿದಳು: ಸಂಘಕ್ಕೂ ನನಗೂ ಸಂಬಂಧವಿಲ್ಲ, ದಯವಿಟ್ಟು ಕೆಲಸಕ್ಕೆ ಸೇರಿಸಿಕೊಳ್ಳಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಅವನು ಕಾರ್ಖಾನೆಗೆ ಹೊರಟ ದಿನವೇ ಸಂಘದ ಮೆರವಣಿಗೆ ಎದುರಾಯಿತು. ತಪ್ಪಿಸಿಕೊಳ್ಳಲು ಅವನು ಪಕ್ಕದ ಓಣಿಗೆ ಕಾಲಿಟ್ಟ, ಆದರೆ ಯಾರೋ ನೋಡಿಬಿಟ್ಟರು. ಪೋಸ್ಟರಣ್ಣ, ಪೋಸ್ಟರಣ್ಣ ಎಂದು ಸಾವಿರ ಬಾಯಿ ಕೂಗಿತು. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಗೇಟಿನ ಹತ್ತಿರ ಕಲ್ಲು ಬಿದ್ದವು, ಕಿಟಕಿಯ ಗಾಜು ಸಿಡಿದು ಕಾವಲಿನವನೊಬ್ಬನ ಕಣ್ಣು ಹೋಯಿತು. ಮಾರನೆಯ ದಿನದ ಪತ್ರಿಕೆಯಲ್ಲಿ ಫೋಟೋ ಬಂತು: ಜನರ ತಲೆಗಳ ಮೇಲೆ ಕೂತ ತಮ್ಮ, ಹಿಂದಿನ ಗೋಡೆಯಲ್ಲಿ ಅದೇ ತಮ್ಮ. ಮುಂದಾಳು ಯಾರು ಎಂದು ಪೊಲೀಸರು ಹುಡುಕುವ ತೊಂದರೆಯೇ ಇರಲಿಲ್ಲ. ಹಿಡಿದಾಗ ಜೇಬಿನಲ್ಲಿ ಕಾಗದ ಇರಲಿಲ್ಲ.

ಮೊಕದ್ದಮೆ ನಡೆಯಿತು. ಸಂಘದ ವಕೀಲಮ್ಮ ಬುದ್ಧಿವಂತೆ. ಚಿತ್ರ ಬರೆದವರೇ ಕಟಕಟೆ ಹತ್ತಿ, ಎದುರಿಗೆ ಆಳು ಬೇಕಿತ್ತು, ತಮ್ಮ ಸಿಕ್ಕಿದ, ಕೂರಿಸಿಕೊಂಡೆ ಎಂದು ಹೇಳಿದರೆ ಸಾಕು, ಅರ್ಧ ಕೇಸು ಬಿದ್ದುಹೋಗುತ್ತದೆ ಎಂದಳು. ಬಣ್ಣದಕ್ಕ ಹಾಗೇ ಹೇಳಿದಳು. ಕೋರ್ಟು ಗಮನವಿಟ್ಟು ಕೇಳಿತು. ಆಮೇಲೆ ಸರ್ಕಾರಿ ವಕೀಲ ಎದ್ದ. ಮರ್ಯಾದಸ್ಥ, ತಗ್ಗಿದ ದನಿಯವನು. ಅವಳದೇ ಹಳೆಯ ಹದಿನಾಲ್ಕು ಪೋಸ್ಟರುಗಳನ್ನು ಮೇಜಿನ ಮೇಲೆ ಹರಡಿದ.

“ಇವುಗಳಲ್ಲಿ ಒಂದೊಂದು ಮುಖದಲ್ಲೂ ಎಷ್ಟು ಜನ ಇದಾರಮ್ಮ?”

“ಮೂರು. ಕೆಲವದ್ರಲ್ಲಿ ನಾಲ್ಕು.”

“ಯಾಕೆ ಹಾಗೆ?”

“ಗುರುತು ಸಿಗಬಾರ್ದು ಅಂತ ಸಾರ್. ಪಾಪ, ಅವ್ರಿಗೆ ತೊಂದ್ರೆ ಆಗುತ್ತೆ.”

“ಇಪ್ಪತ್ತಮೂರು ವರ್ಷ ಗುರುತು ಮರೆಸಿದವರು ಈ ಒಂದು ಸಲ ಯಾಕೆ ಮರೆಸ್ಲಿಲ್ಲ? ಈ ಮುಖ ಜನಕ್ಕೆ ಗುರುತು ಸಿಗ್ಲೇಬೇಕಿತ್ತು, ಅಲ್ವಾ? ಇವ್ರೇ ನಮ್ಮ ನಾಯಕರು ಅಂತ?”

ಟೈಮ್ ಇರಲಿಲ್ಲ ಎಂದು ಹೇಳಬೇಕೆಂದು ವಕೀಲಮ್ಮ ಹೇಳಿಕೊಟ್ಟಿದ್ದಳು. ಆದರೆ ಬಣ್ಣದಕ್ಕ ಸತ್ಯವನ್ನೇ ಹೇಳುತ್ತೇನೆಂದು ಆಗಷ್ಟೇ ಪ್ರಮಾಣ ಮಾಡಿದ್ದಳು. ಸತ್ಯ ಹೇಳಿದರೆ ತಮ್ಮ ಬಿಡುಗಡೆ ಆಗುತ್ತಾನೆ ಎಂದು ಅವಳು ನಿಜವಾಗಿ ನಂಬಿದ್ದಳು.

“ಚೆನ್ನಾಗಿ ಬಂದಿತ್ತು ಸಾರ್,” ಎಂದಳು.

“ಏನು?”

“ಚಿತ್ರ. ಚೆನ್ನಾಗಿ ಬಂದಿತ್ತು. ಕೆಡಿಸೋಕೆ ಮನಸ್ಸು ಬರ್ಲಿಲ್ಲ.”

ಇಡೀ ಕೋರ್ಟು ನಕ್ಕಿತು. ನ್ಯಾಯಾಧೀಶರೂ ಬಾಯಿಗೆ ಪೆನ್ನು ಅಡ್ಡ ಹಿಡಿದರು. ಚಿತ್ರ ಚೆನ್ನಾಗಿ ಬಂತೆಂಬ ಒಂದೇ ಕಾರಣಕ್ಕೆ ಒಬ್ಬ ಅಕ್ಕ ಸಾಕಿದ ತಮ್ಮನ ಅನ್ನಕ್ಕೆ ಕಲ್ಲು ಹಾಕಿದಳೆಂದು ನಂಬಲಾಗದು ಎಂದು ತೀರ್ಪಿನಲ್ಲಿ ಬರೆದರು. ಅವರು ಆಕೆಯ ಬಗ್ಗೆ ಇಟ್ಟುಕೊಂಡ ಒಳ್ಳೆಯ ಅಭಿಪ್ರಾಯವೇ ತಮ್ಮನನ್ನು ಒಳಗೆ ಹಾಕಿತು. ಆರು ವರ್ಷ.

ಇದೆಲ್ಲ ಆಗುವ ಹೊತ್ತಿಗೆ ಸಂಘಕ್ಕೂ ಕಾರ್ಖಾನೆಗೂ ರಾಜಿಯಾಯಿತು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಕೈ ತೊಳೆಯಲು ಬಿಸಿನೀರು, ಹೊಸ ಮುಖಗವಸು. ಕ್ರಿಮಿನಲ್ ಕೇಸು ಇದ್ದವರಿಗೆ ಇದ್ಯಾವುದೂ ಇಲ್ಲ. ಆ ಸಾಲನ್ನು ತೆಗೆಸಲು ಹನ್ನೊಂದು ಗಂಟೆ ವಾದಿಸಿದೆವು ಎಂದು ಮೇಷ್ಟ್ರು ಅಂಗಡಿಗೆ ಬಂದು ಅತ್ತರು. ಅತ್ತು ಮುಗಿಸಿ, ‘ಬಿಡುಗಡೆ ಮಾಡಿ’ ಎಂದು ಬರೆದು ಅದೇ ಮುಖದ ಪೋಸ್ಟರು ಒಂದು ಸಾವಿರ ಆಗಬೇಕಲ್ಲ ಎಂದರು. ಬಣ್ಣದಕ್ಕ ಬಾಗಿಲು ತೋರಿಸಿದಳು. ಆಮೇಲೆ ಬ್ರೆಡ್ಡಿನ ಹೊದಿಕೆ ಬಿಟ್ಟು ಬೇರೇನನ್ನೂ ಎಳೆಯಲಿಲ್ಲ. ಮೊಟ್ಟೆಯಮ್ಮ ಕಾರಣವಿಲ್ಲದೆ ಬಂದು ಎದುರಿಗೆ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತಿದ್ದಳು, ಕಣ್ಣಿನ ಮಾತು ಎತ್ತುತ್ತಿರಲಿಲ್ಲ.

ಒಂದೂವರೆ ವರ್ಷವಾದ ಮೇಲೆ ಜೈಲಿನ ಡಾಕ್ಟರು ಬರೆದ ಚೀಟಿ ವಕೀಲಮ್ಮನ ಕೈಗೆ ಬಂತು. ಸೀಸ ಮೂತ್ರಪಿಂಡಕ್ಕೆ ಇಳಿದಿದೆ, ಹೊರಗೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗದಿದ್ದರೆ ಇನ್ನೆರಡು ವರ್ಷ ಬದುಕಿದರೆ ಹೆಚ್ಚು. ವಕೀಲಮ್ಮ ಒಂದು ದಾರಿ ಹುಡುಕಿದಳು.

“ಅವ್ರೇ ನಿಮ್ಮ ಮೇಲೆ ದೂರು ಕೊಡ್ಬೇಕು. ನನ್ನ ಒಪ್ಪಿಗೆ ಇಲ್ದೆ ನನ್ನ ಮುಖ ಬಳಸಿದ್ರು, ಚಳವಳಿಗೂ ನನಗೂ ಸಂಬಂಧ ಇಲ್ಲ ಅಂತ ಸಹಿ ಹಾಕ್ಬೇಕು. ಮೇಲಿನ ಕೋರ್ಟಲ್ಲಿ ಅದನ್ನ ಹಿಡ್ಕೊಂಡು ಬಿಡಿಸಬಹುದು. ನಿಮಗೆ ಒಂದು ವರ್ಷ ಶಿಕ್ಷೆ ಆಗಬಹುದು.”

“ನಾಲ್ಕು ಆಗ್ಲಿ,” ಎಂದಳು ಬಣ್ಣದಕ್ಕ. ಬಹಳ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು.

ಮೊದಲು ದೂರಿನ ಕಾಗದ ತೆಗೆದುಕೊಂಡು ಹೋದದ್ದು ತಮ್ಮನ ಹೆಂಡತಿ. ಸಹಿ ಇಲ್ಲದೆ ವಾಪಸು ತಂದಳು. ಗಂಡ ಒಳಗೆ ಹೋದ ಮೇಲೆ ಅತ್ತಿಗೆಯ ಜೊತೆ ಅಗತ್ಯಕ್ಕೆ ಮೀರಿ ಒಂದು ಮಾತೂ ಆಡಿದವಳಲ್ಲ. ಅವತ್ತು ಅಂಗಡಿಯೊಳಗೇ ಬಂದು ಕೂತಳು.

“ಹಾಕಲ್ಲ ಅಂತಾರೆ ಅತ್ತಿಗೆ. ಆ ಮುಖ ಇಟ್ಕೊಂಡು ಹೀಗೆ ಬರ್ಕೊಡೋಕಾಗುತ್ತಾ ಅಂತ ನನ್ನನ್ನೇ ಕೇಳ್ತಾರೆ. ತಾವು ಏನೋ ಆಗ್ಬಿಟ್ಟಿದೀವಿ ಅಂತ ತಲೆಗೆ ಹತ್ತಿದೆ. ನನ್ನ ಮಾತು ನಡೆಯಲ್ಲ. ನೀವು ಹೋಗಿ. ಹಿಂದೆ ನನಗೆ ಹೇಳಿದ್ರಲ್ಲ, ಅದನ್ನೇ ಹೇಳಿ: ಅವತ್ತು ಹೊಟ್ಟೆನೋವು ಬಂದಿತ್ತು, ಅದನ್ನ ನೋಡಿ ಬರೆದೆ, ಧೈರ್ಯನೂ ಇಲ್ಲ ಮಣ್ಣೂ ಇಲ್ಲ ಅಂತ ಹೇಳಿಬಿಡಿ. ಬರೆದವರು ನೀವು. ನಿಮ್ಮ ಬಾಯಲ್ಲಿ ಬಂದ್ರೆ ನಂಬ್ತಾರೆ. ಕುಗ್ಗಿಹೋಗ್ತಾರೆ ಪಾಪ, ಕುಗ್ಗಿದ್ರೂ ಪರವಾಗಿಲ್ಲ. ಜೀವ ಉಳಿಯುತ್ತೆ.”

“ಹೇಳ್ತೀನಿ,” ಎಂದಳು ಬಣ್ಣದಕ್ಕ.

ಇಬ್ಬರೂ ಒಟ್ಟಿಗೆ ಹೋದರು. ಒಬ್ಬರಿಗೆ ಮಾತ್ರ ಒಳಗೆ ಬಿಡುತ್ತಿದ್ದರು. ತಮ್ಮನ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕೂತಳು.

ಒಳಗೆ ಜಾಲರಿಯ ಆ ಕಡೆ ತಮ್ಮ ಬಂದ. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು, ಸೀಸ ನರಕ್ಕೂ ಇಳಿದಿತ್ತು. ಅಂಗಿ ಮೈಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಅವನು ನಡೆದು ಬಂದ ರೀತಿ ನೋಡಿ ಅವಳಿಗೆ ಬೇರೆ ಯಾರೋ ಬರುತ್ತಿದ್ದಾರೆ ಅನ್ನಿಸಿತು. ಬೆನ್ನು ನೆಟ್ಟಗಿತ್ತು. ದಾರಿಯಲ್ಲಿ ನಿಂತಿದ್ದ ಇಬ್ಬರು ಕೈದಿಗಳು ಅವನಿಗೆಂದು ಸರಿದು ನಿಂತರು. ಒಬ್ಬ ಕುರ್ಚಿ ಎಳೆದುಕೊಟ್ಟ.

“ಅಕ್ಕ, ಸಣ್ಣಗಾಗಿದ್ದೀಯ. ಊಟ ಮಾಡ್ತಿಲ್ವ?” ಎಂದು ಅವನೇ ಮೊದಲು ಕೇಳಿದ.

ಅವಳು ಕಾಗದ ಜಾಲರಿಗೆ ಒತ್ತಿ ಹಿಡಿದಳು. “ಸಹಿ ಹಾಕಪ್ಪ. ಎಡಗೈಲಿ ಹಾಕಿದ್ರೂ ಆಗುತ್ತಂತೆ. ಡಾಕ್ಟ್ರು ಏನು ಬರೆದಿದಾರೆ ಗೊತ್ತಾ?”

“ಗೊತ್ತು. ನನಗೂ ಹೇಳಿದಾರೆ.”

“ಮತ್ತೆ?”

ಅವನು ಜೋತುಬಿದ್ದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. “ಅವತ್ತು ನನ್ನ ಜೇಬಲ್ಲಿ ಒಂದು ಕಾಗದ ಇತ್ತಲ್ಲ, ಇವಳು ಬರೆಸಿದ್ದು. ಅದನ್ನ ಯಾರೂ ಕಿತ್ಕೊಳ್ಲಿಲ್ಲಕ್ಕ. ಅವ್ರು ಹೆಗಲ ಮೇಲೆ ಎತ್ಕೊಂಡ್ರಲ್ಲ, ಆಗ ನಾನೇ ಹರಿದು ಹಾಕ್ದೆ. ಕೆಳಗೆ ಅಷ್ಟು ಜನ ಮುಖ ಎತ್ತಿ ನನ್ನ ನೋಡ್ತಿದ್ರು. ಅದನ್ನ ಜೇಬಲ್ಲಿಟ್ಕೊಂಡು ಹೇಗೆ ಕೂತ್ಕೊಳ್ಳೋದು?”

“ನಿನಗೆ ಹೆದರಿಕೆ ಆಗ್ಲಿಲ್ವೇನೋ?”

“ಆಯ್ತು. ಆದ್ರೆ ಎದುರುಗಡೆ ಗೋಡೆ ಮೇಲೆ ನಾನಿದ್ದೆ. ಅವನು ಹೆದರಿರ್ಲಿಲ್ಲ.” ಅವನು ನಕ್ಕ. ವಸಡಿನ ಅಂಚಿನಲ್ಲಿ ಸೀಸದ ನೀಲಿ ಗೆರೆ ಕಂಡಿತು. “ಇಲ್ಲಿ ನಲ್ಲಿ ಹತ್ರ ಜಗಳ ಆದ್ರೆ ನನ್ನ ಕರೀತಾರೆ. ಅರ್ಜಿ ಬರೆಯೋದಾದ್ರೆ ನನ್ನ ಕೇಳ್ತಾರೆ. ಹದಿನೆಂಟು ವರ್ಷ ಆ ಕಾರ್ಖಾನೆಲಿ ‘ಏಯ್’ ಅಂತ ಕರೆದ್ರೆ ತಿರುಗ್ತಿದ್ದೆ. ಈಗ ಸಹಿ ಹಾಕಿ ಬಂದ್ರೆ ನಾನು ಯಾರಕ್ಕ?”

“ನನ್ನ ತಮ್ಮ ಕಣೋ.”

“ಅದು ಇದ್ದೇ ಇದೆ,” ಎಂದು ಅವನು ಜಾಲರಿಯ ಹತ್ತಿರ ಬಾಗಿದ. ದನಿ ಇಳಿಸಿದ. “ಒಂದು ವಿಷಯ ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ನನಗೇ ಗೊತ್ತಿರ್ಲಿಲ್ಲ, ನನ್ನೊಳಗೆ ಅದು ಇದೆ ಅಂತ. ಇವಳಿಗೂ ಗೊತ್ತಿರ್ಲಿಲ್ಲ. ಸುಮ್ನೆ ಮೂಲೇಲಿ ಕೂತಿದ್ದೆ. ನಿನಗೆ ಹೇಗೆ ಕಾಣಿಸ್ತು?”

ಹೇಳಬೇಕಾದ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಲೆಂದೇ ಎರಡು ಬಸ್ಸು ಹಿಡಿದು ಬಂದಿದ್ದಳು. ಒಂದು ವಾಕ್ಯ ಸಾಕು. ಅವನ ಬೆನ್ನು ಬಾಗುತ್ತದೆ, ಎಡಗೈ ಪೆನ್ನು ಕೇಳುತ್ತದೆ, ಆರು ತಿಂಗಳಲ್ಲಿ ಹೊರಗೆ ಬರುತ್ತಾನೆ. ಬಂದು ಮತ್ತೆ ನಾಯಿಗೆ ದಾರಿ ಬಿಡುತ್ತಾನೆ, ಆದರೆ ಬದುಕಿರುತ್ತಾನೆ. ಇಷ್ಟನ್ನೂ ಅವಳು ಸ್ಪಷ್ಟವಾಗಿ ಯೋಚಿಸಿದಳು. ಅವನು ಕಾಯುತ್ತಿದ್ದ. ಒಂಬತ್ತು ವರ್ಷದವನಾಗಿದ್ದಾಗಿನಿಂದ ಅವನು ತನ್ನನ್ನು ಏನನ್ನಾದರೂ ಇಷ್ಟು ಆಸೆಯಿಂದ ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

“ಇತ್ತಲ್ಲಪ್ಪ,” ಎಂದಳು. “ಇದ್ದದ್ದಕ್ಕೇ ಕಾಣಿಸ್ತು.”

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ವೇಳೆ ಮುಗಿಯಿತೆಂದು ಕಾವಲಿನವನು ಬಂದಾಗ ತಾನೇ ಮೊದಲು ಎದ್ದು, ಹುಷಾರಾಗಿ ಹೋಗು ಎಂದು ಅಕ್ಕನಿಗೆ ಹೇಳಿ, ಬಂದ ಹಾಗೇ ನೆಟ್ಟಗೆ ನಡೆದು ಹೋದ.

ಹೊರಗೆ ತಮ್ಮನ ಹೆಂಡತಿ ಬೆಂಚಿನಿಂದ ಎದ್ದು ನಿಂತಿದ್ದಳು. ಬಣ್ಣದಕ್ಕನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಕೆಳಗಿನ ಖಾಲಿ ಜಾಗವನ್ನು ನೋಡಿದಳು. ಮಡಿಚಿದಳು.

“ಹೊಟ್ಟೆನೋವಿನ ವಿಷಯ ಹೇಳಿದ್ರಾ ಅತ್ತಿಗೆ?”

“ಹೇಳ್ದೆ.”

“ಸರಿಯಾಗಿ? ಬಿಡಿಸಿ ಹೇಳಿದ್ರಾ?”

“ಎಲ್ಲಾ ಹೇಳ್ದೆ ಕಣಮ್ಮ. ಕೇಳ್ಲಿಲ್ಲ.”

ಅವಳು ಅತ್ತಿಗೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಒಂದೂವರೆ ವರ್ಷದಲ್ಲಿ ಮೊದಲ ಸಲ, ಅವಳ ಕೈ ಹಿಡಿದುಕೊಂಡಳು.

“ನೀವು ಹೇಳಿದ್ಮೇಲೂ ಕೇಳ್ಲಿಲ್ಲ ಅಂದ್ರೆ ಮುಗೀತು ಬಿಡಿ. ನಿಮ್ಮ ಮೇಲೆ ಸುಮ್ನೆ ಸಿಟ್ಟು ಮಾಡ್ಕೊಂಡಿದ್ದೆ,” ಎಂದು ಹೇಳಿ, ರಸ್ತೆ ದಾಟಿಸಲು ಮುಂದೆ ನಡೆದಳು.